ಎಂಟು ಜಿಬಿ ರ‍್ಯಾಮಿನಲ್ಲಿ ಎರಡು ಸಂಸಾರ

ಒಂದೇ ಕಂಪ್ಯೂಟರಿನಲ್ಲಿ ಎರಡು ಆಪರೇಟಿಂಗ್ ಸಿಸ್ಟಂ ನಡೆಸುವ ಬಗ್ಗೆ ಬೆಳಗಾವಿ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳಿಂದ ಬಂದ ಪ್ರಶ್ನೆಗಳಿಗೆ ಈ ಸಲ ಉತ್ತರ. ಇದ್ದ ಕಂಪ್ಯೂಟರಿನೊಳಗೆ ಸಾಫ್ಟ್‌ವೇರಿನಿಂದಲೇ ಕಟ್ಟಿದ ಇನ್ನೊಂದು ಕಂಪ್ಯೂಟರೇ ವರ್ಚುವಲ್ ಮಷಿನ್ (ವಿಎಂ), ಅದನ್ನು ಕಟ್ಟಿಕೊಡುವ ಪ್ರೋಗ್ರಾಂಗಳಲ್ಲೊಂದು ವರ್ಚುವಲ್‌ಬಾಕ್ಸ್. ಹೊರಗಿನ ಸಿಸ್ಟಂ ಹೋಸ್ಟ್, ಒಳಗಿನದು ಗೆಸ್ಟ್.

ಪ್ರಶ್ನೆ: ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 11, 8 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ ಇವೆ. ಲ್ಯಾಬಿಗೆ ಉಬುಂಟು ಲಿನಕ್ಸ್ ಬೇಕೆಂದು ವರ್ಚುವಲ್‌ಬಾಕ್ಸ್ ಹಾಕಿದೆ. ಮೊದಲು ವಿಟಿ-ಎಕ್ಸ್ ಬಂದ್ ಆಗಿದೆ ಎಂಬ ಎರರ್ ಬಂತು, ಬಯಾಸ್‌ಗೆ ಹೋಗಿ ಆನ್ ಮಾಡಿದೆ. ಈಗ ಉಬುಂಟು ಏಳುತ್ತದೆ, ಆದರೆ ಒಂದು ಕ್ಲಿಕ್ಕಿಗೆ ಹತ್ತು ಸೆಕೆಂಡ್ ಕಾಯಬೇಕು. ಕೆಳಗೆ ಮೂಲೆಯಲ್ಲಿ ಹಸಿರು ಆಮೆಯ ಚಿತ್ರ ಕಾಣುತ್ತದೆ. ಏನು ತಪ್ಪಾಗಿದೆ?

ಉತ್ತರ: ಆಮೆಯೇ ಅರ್ಧ ಉತ್ತರ ಹೇಳುತ್ತಿದೆ. ವರ್ಚುವಲ್ ಮಷಿನ್ ಚುರುಕಾಗಿ ಓಡಬೇಕಾದರೆ ಪ್ರೊಸೆಸರಿನ ವರ್ಚುವಲೈಸೇಶನ್ ಸೌಲಭ್ಯ ವರ್ಚುವಲ್‌ಬಾಕ್ಸ್‌ಗೆ ನೇರವಾಗಿ ಸಿಗಬೇಕು. ಇಂಟೆಲ್‌ನಲ್ಲಿ ಇದರ ಹೆಸರು ವಿಟಿ-ಎಕ್ಸ್. ಎಎಂಡಿಯಲ್ಲಿ ಎಎಂಡಿ-ವಿ, ಆದರೆ ಬಯಾಸ್‌ನಲ್ಲಿ ಅದು ‘ಎಸ್‌ವಿಎಂ ಮೋಡ್’ ಎಂಬ ಹೆಸರಲ್ಲಿ ಅಡಗಿರುತ್ತದೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಆ ಸೌಲಭ್ಯವನ್ನು ವಿಂಡೋಸಿನದೇ ವರ್ಚುವಲೈಸೇಶನ್ ವ್ಯವಸ್ಥೆಯಾದ ಹೈಪರ್-ವಿ ಮೊದಲು ಹಿಡಿದುಕೊಂಡಿದೆ. ವರ್ಚುವಲ್‌ಬಾಕ್ಸ್ ಅದರ ಬೆನ್ನೇರಿ ಸುತ್ತುಬಳಸಿ ಕೆಲಸ ಮಾಡುತ್ತಿದೆ. ‘ನನ್ನದು ಹೋಮ್ ಎಡಿಶನ್, ಅದರಲ್ಲಿ ಹೈಪರ್-ವಿ ಇಲ್ಲವಲ್ಲ’ ಎನ್ನಬೇಡಿ. ಹೈಪರ್-ವಿಯ ಪೂರ್ಣ ಆವೃತ್ತಿ ಪ್ರೊ, ಎಂಟರ್‌ಪ್ರೈಸ್, ಎಜುಕೇಶನ್‌ಗಳಲ್ಲಷ್ಟೇ ಇರುವುದು ನಿಜ. ಆದರೆ ಅದರ ಬುಡದ ಪದರ ಹೋಮ್‌ನಲ್ಲೂ ಇದೆ.

ತೆಗೆಯುವ ಕ್ರಮ ಹೀಗೆ. ಸ್ಟಾರ್ಟ್ ಮೆನುವಿನಲ್ಲಿ ‘ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್’ ಹುಡುಕಿ ತೆರೆಯಿರಿ. ಹೈಪರ್-ವಿ, ವರ್ಚುವಲ್ ಮಷಿನ್ ಪ್ಲಾಟ್‌ಫಾರ್ಮ್, ವಿಂಡೋಸ್ ಹೈಪರ್‌ವೈಸರ್ ಪ್ಲಾಟ್‌ಫಾರ್ಮ್ ಈ ಮೂರರಲ್ಲಿ ಯಾವುದಕ್ಕೆ ಟಿಕ್ ಇದೆಯೋ ಅದನ್ನು ತೆಗೆಯಿರಿ. ಇಷ್ಟಕ್ಕೇ ಬಹಳ ಮಂದಿ ನಿಲ್ಲುತ್ತಾರೆ, ಆಮೆ ಹಾಗೇ ಇರುತ್ತದೆ. ವಿಂಡೋಸ್ ಸೆಕ್ಯುರಿಟಿಯ ‘ಡಿವೈಸ್ ಸೆಕ್ಯುರಿಟಿ’ ಒಳಗೆ ‘ಕೋರ್ ಐಸೊಲೇಶನ್’, ಅದರೊಳಗೆ ‘ಮೆಮೊರಿ ಇಂಟೆಗ್ರಿಟಿ’ ಎಂಬ ಸ್ವಿಚ್ ಇದೆ; ಅದೂ ಹೈಪರ್-ವಿಯನ್ನು ಎಬ್ಬಿಸುತ್ತದೆ. ಅದನ್ನೂ ಆಫ್ ಮಾಡಿ ರೀಸ್ಟಾರ್ಟ್ ಮಾಡಿ. ಆಮೆಯ ಜಾಗದಲ್ಲಿ ‘ವಿ’ ಗುರುತಿನ ಪ್ರೊಸೆಸರ್ ಚಿಪ್‌ನ ಚಿತ್ರ ಬಂದರೆ ಕೆಲಸ ಆಯಿತು. ಇದಕ್ಕೆ ಬೆಲೆಯೂ ಇದೆ. ಮೆಮೊರಿ ಇಂಟೆಗ್ರಿಟಿ ಕೆಟ್ಟ ಡ್ರೈವರುಗಳಿಂದ ವಿಂಡೋಸನ್ನು ಕಾಯುವ ವ್ಯವಸ್ಥೆ. ಬ್ಯಾಂಕಿನ ಕೆಲಸ ಆಗುವ ಮನೆಯ ಏಕೈಕ ಕಂಪ್ಯೂಟರಾದರೆ ಅದನ್ನು ಆಫ್ ಮಾಡುವ ಮುನ್ನ ಯೋಚಿಸಿ. ವರ್ಚುವಲ್ ಮಷಿನ್ ಪ್ಲಾಟ್‌ಫಾರ್ಮ್ ತೆಗೆದರೆ ಡಬ್ಲ್ಯುಎಸ್‌ಎಲ್ 2 (ವಿಂಡೋಸಿನೊಳಗೇ ಲಿನಕ್ಸ್ ಕಮಾಂಡು ನಡೆಸುವ ಮೈಕ್ರೋಸಾಫ್ಟಿನ ವ್ಯವಸ್ಥೆ) ನಿಲ್ಲುತ್ತದೆ ಎಂಬುದೂ ನೆನಪಿರಲಿ.

ಇನ್ನರ್ಧ ಉತ್ತರ ರ‍್ಯಾಮಿನಲ್ಲಿದೆ. ವರ್ಚುವಲ್ ಮಷಿನ್ ಹೊಸ ರ‍್ಯಾಮ್ ಹುಟ್ಟಿಸುವುದಿಲ್ಲ, ಇದ್ದದ್ದನ್ನು ಪಾಲು ಮಾಡುತ್ತದೆ. 8 ಜಿಬಿಯಲ್ಲಿ ವಿಂಡೋಸ್ 11 ಸುಮ್ಮನೆ ಕೂತಿದ್ದರೂ 3ರಿಂದ 4 ಜಿಬಿ ತಿನ್ನುತ್ತದೆ, ಬ್ರೌಸರ್ ತೆರೆದರೆ ಇನ್ನಷ್ಟು. ಉಬುಂಟುವಿನ ಡೆಸ್ಕ್‌ಟಾಪ್ ಆವೃತ್ತಿ ತನಗೇ ಕನಿಷ್ಠ 4 ಜಿಬಿ ಕೇಳುತ್ತದೆ. ಅಷ್ಟು ಕೊಟ್ಟರೆ ಹೋಸ್ಟ್ ಬಡವಾಗಿ ಡಿಸ್ಕಿನಲ್ಲಿ ಪೇಜ್ ಫೈಲ್ (ಮೆಮೊರಿ ಸಾಲದಾಗ ಡಿಸ್ಕನ್ನೇ ಮೆಮೊರಿಯಾಗಿ ಬಳಸುವ ಜಾಗ) ಹಚ್ಚಿಕೊಂಡು ಎರಡೂ ಕಡೆ ತೆವಳುತ್ತವೆ. ಉಬುಂಟು ಬದಲು ಕ್ಸುಬುಂಟು ಅಥವಾ ಲುಬುಂಟು ಹಾಕಿ. ಒಳಗಿನ ಕಮಾಂಡುಗಳೆಲ್ಲ ಅವೇ, ಮೇಲಿನ ಡೆಸ್ಕ್‌ಟಾಪ್ ಮಾತ್ರ ಹಗುರ. ರ‍್ಯಾಮ್ 3072 ಎಂಬಿ, ಪ್ರೊಸೆಸರ್ 2, ಡಿಸ್ಕ್ 25 ಜಿಬಿ ಕೊಡಿ. ಪ್ರೊಸೆಸರ್ ಸ್ಲೈಡರನ್ನು ಕೆಂಪು ಗೆರೆಗೆ ಎಳೆದರೆ ವೇಗ ಹೆಚ್ಚುವುದಿಲ್ಲ, ವಿಂಡೋಸ್ ಉಸಿರುಗಟ್ಟುತ್ತದೆ. ಸ್ಲಾಟ್ ಖಾಲಿ ಇದ್ದರೆ ಇನ್ನೊಂದು 8 ಜಿಬಿ ರ‍್ಯಾಮ್ ಹಾಕಿಸುವುದು ಈ ಎಲ್ಲ ಸೆಟ್ಟಿಂಗಿಗಿಂತ ದೊಡ್ಡ ಮದ್ದು.

ಮತ್ತೆ ಇನ್‌ಸ್ಟಾಲ್ ಮಾಡುವಾಗ ಒಂದು ಎಚ್ಚರ. ವರ್ಚುವಲ್‌ಬಾಕ್ಸ್ 7ರಲ್ಲಿ ಐಎಸ್‌ಒ (ಇನ್‌ಸ್ಟಾಲ್ ಡಿಸ್ಕಿನ ಫೈಲ್ ರೂಪ) ಆರಿಸಿದ ಕೂಡಲೇ ತಾನೇ ಎಲ್ಲ ತುಂಬಿಕೊಳ್ಳುವ ‘ಅನ್‌ಅಟೆಂಡೆಡ್ ಇನ್‌ಸ್ಟಾಲೇಶನ್’ಗೆ ಹೊರಡುತ್ತದೆ. ಅದರಲ್ಲಿ ಆದ ಉಬುಂಟುವಿನಲ್ಲಿ ಟರ್ಮಿನಲ್ ತೆರೆಯುವುದಿಲ್ಲ, ನಿಮ್ಮ ಯೂಸರಿಗೆ ಸುಡೋ (ಅಡ್ಮಿನ್) ಅಧಿಕಾರ ಇರುವುದಿಲ್ಲ ಎಂಬ ಗೋಳು ಬಹಳ. ಆ ಆಯ್ಕೆಯನ್ನು ಬಿಟ್ಟು ಕೈಯಾರೆ ಇನ್‌ಸ್ಟಾಲ್ ಮಾಡಿ. ಆಮೇಲೆ ಗೆಸ್ಟ್ ಅಡಿಶನ್ಸ್ (ಹೋಸ್ಟ್, ಗೆಸ್ಟ್ ಎರಡೂ ಫೋಲ್ಡರ್ ಹಂಚಿಕೊಳ್ಳಲು ಬೇಕಾಗುವ ಡ್ರೈವರುಗಳ ಕಟ್ಟು) ಹಾಕಿ. ಅದಕ್ಕೆ ಮೊದಲು ಜಿಸಿಸಿ, ಮೇಕ್ ಮತ್ತು ಕರ್ನಲ್ ಹೆಡರ್‌ಗಳು ಒಳಗಿರಬೇಕು. ಶೇರ್ಡ್ ಫೋಲ್ಡರ್ ಕಾಣುತ್ತದೆ ಆದರೆ ತೆರೆಯಲು ಬಿಡುವುದಿಲ್ಲ ಎಂದಾದರೆ ಯೂಸರನ್ನು ‘ವಿಬಾಕ್ಸ್‌ಎಸ್‌ಎಫ್’ ಗುಂಪಿಗೆ ಸೇರಿಸಿ ಲಾಗೌಟ್ ಆಗಿ ಬನ್ನಿ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು. ಲ್ಯಾಬಿಗೆ ಬೇಕಿರುವುದು ಬರೀ ಸಿ, ಪೈಥಾನ್, ಶೆಲ್ ಸ್ಕ್ರಿಪ್ಟ್ ಆದರೆ ವರ್ಚುವಲ್‌ಬಾಕ್ಸನ್ನೇ ತೆಗೆದುಹಾಕಿ ಡಬ್ಲ್ಯುಎಸ್‌ಎಲ್ 2 ಬಳಸಿ. ಆಗ ಮೇಲಿನ ಟಿಕ್‌ಗಳನ್ನು ತೆಗೆಯಬೇಕಿಲ್ಲ. ಎರಡು ಮೂರು ಮಷಿನ್‌ಗಳ ನಡುವೆ ನೆಟ್‌ವರ್ಕ್ ಕಟ್ಟುವ, ಪಾರ್ಟಿಶನ್ ಮಾಡುವ, ಕೆಡಿಸಿ ಕಲಿಯುವ ಪ್ರಯೋಗಗಳಿದ್ದರೆ ಮಾತ್ರ ಪೂರ್ತಿ ವಿಎಂ ಬೇಕು.

ಪ್ರಶ್ನೆ: ವಿಜಯಪುರದಲ್ಲಿ ಡಿಟಿಪಿ ಅಂಗಡಿ ಇದೆ. ಹದಿನೈದು ವರ್ಷದ ಮದುವೆ ಕಾರ್ಡು, ಜಾತ್ರೆ ಹ್ಯಾಂಡ್‌ಬಿಲ್ಲು, ಬಿಲ್ ಬುಕ್‌ಗಳೆಲ್ಲ ಪೇಜ್‌ಮೇಕರ್ 7ರಲ್ಲಿ, ಹಳೆಯ ನುಡಿ ಫಾಂಟಿನಲ್ಲಿ ಇವೆ. ವಿಂಡೋಸ್ ಎಕ್ಸ್‌ಪಿ ಇದ್ದ ಕಂಪ್ಯೂಟರ್ ಇವತ್ತೋ ನಾಳೆಯೋ ಎನ್ನುತ್ತಿದೆ. ಹೊಸದರಲ್ಲಿ ವಿಂಡೋಸ್ 11, 16 ಜಿಬಿ ರ‍್ಯಾಮ್ ಇದೆ. ಎಕ್ಸ್‌ಪಿಯನ್ನು ಅದರೊಳಗೆ ಓಡಿಸಬಹುದೇ? ಪ್ರಿಂಟ್ ತೆಗೆಯುವುದು ಹೇಗೆ?

ಉತ್ತರ: ಓಡಿಸಬಹುದು. ವರ್ಚುವಲ್ ಮಷಿನ್ ನಿಜಕ್ಕೂ ಹೊಟ್ಟೆಪಾಡಿಗೆ ಆಗಿಬರುವ ಜಾಗ ಇದೇ. ಎಕ್ಸ್‌ಪಿಗೆ 1 ಜಿಬಿ ರ‍್ಯಾಮ್, 1 ಪ್ರೊಸೆಸರ್, 20 ಜಿಬಿ ಡಿಸ್ಕ್ ಧಾರಾಳ. ನಿಮ್ಮ ಹೊಸ ಕಂಪ್ಯೂಟರಿಗೆ ಅದು ಇರುವೆ ಭಾರ.

ಹಳೆಯ ಹಾರ್ಡ್‌ಡಿಸ್ಕನ್ನೇ ಇಮೇಜ್ ಮಾಡಿ ವಿಎಂ ಒಳಗೆ ಎಬ್ಬಿಸುವ ದಾರಿಯೂ ಇದೆ, ಆದರೆ ಅದನ್ನು ಮೊದಲ ಆಯ್ಕೆ ಮಾಡಬೇಡಿ. ಎಕ್ಸ್‌ಪಿ ತಾನು ಹುಟ್ಟಿದ ಮದರ್‌ಬೋರ್ಡಿನ ಡಿಸ್ಕ್ ಡ್ರೈವರನ್ನೇ ಹುಡುಕುತ್ತದೆ, ಸಿಗದಿದ್ದರೆ ಕೊನೆಯಲ್ಲಿ 7ಬಿ ಎಂದಿರುವ ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ಕಂಪ್ಯೂಟರಿನ ಜೊತೆಗೇ ಬಂದ ಒಇಎಂ ಲೈಸೆನ್ಸ್ ಆ ಹಳೆಯ ಕಂಪ್ಯೂಟರಿಗಷ್ಟೇ ಸೀಮಿತ ಎಂಬ ತೊಡಕು ಬೇರೆ. ಬಿಡಿಯಾಗಿ ಕೊಂಡ ಎಕ್ಸ್‌ಪಿ ಸಿಡಿ, ಕೀ, ಪೇಜ್‌ಮೇಕರ್ ಸಿಡಿ, ನುಡಿಯ ಸೆಟಪ್ ಇದ್ದರೆ ಹೊಸದಾಗಿ ಹಾಕಿ.

ವಿಎಂ ಮಾಡುವಾಗ ಡಿಸ್ಕನ್ನು ಐಡಿಇ ಕಂಟ್ರೋಲರಿಗೆ ಸಿಕ್ಕಿಸಿ, ಸಾಟಾಗೆ ಬೇಡ. ಸಾಟಾ ಡ್ರೈವರ್ ಎಕ್ಸ್‌ಪಿ ಸಿಡಿಯಲ್ಲಿ ಇಲ್ಲ. ಡಾಂಗಲ್ (ಪೋರ್ಟಿಗೆ ಸಿಕ್ಕಿಸುವ ಲೈಸೆನ್ಸ್ ಕೀಲಿ) ಬೇಕಾಗುವ ಸಾಫ್ಟ್‌ವೇರ್ ಇದ್ದರೆ ಯುಎಸ್‌ಬಿ ಕಂಟ್ರೋಲರನ್ನು 2.0ಕ್ಕೆ ಇಟ್ಟು, ಆ ಡಾಂಗಲ್‌ಗೆ ಡಿವೈಸ್ ಫಿಲ್ಟರ್ ಸೇರಿಸಿ. 3.0 ಆರಿಸಿದರೆ ಎಕ್ಸ್‌ಪಿಗೆ ಕಣ್ಣೇ ಕಾಣುವುದಿಲ್ಲ. ಹಳೆಯ ಪ್ಯಾರಲಲ್ ಪೋರ್ಟಿನ ಡಾಂಗಲ್ ಆದರೆ ಆಸೆ ಬಿಡಿ, ಹಳೆಯ ಕಂಪ್ಯೂಟರನ್ನೇ ಉಳಿಸಿಕೊಳ್ಳಿ.

ನೆಟ್‌ವರ್ಕ್ ಕಾರ್ಡನ್ನು ‘ನಾಟ್ ಅಟ್ಯಾಚ್ಡ್’ ಎಂದೇ ಬಿಡಿ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ಕ್ಕೆ ಬೆಂಬಲ ನಿಲ್ಲಿಸಿದೆ. 2017ರ ಮೇನಲ್ಲಿ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ಹಬ್ಬಿದಾಗ ಅಪವಾದವೆಂದು ಒಂದು ಪ್ಯಾಚ್ ಕೊಟ್ಟರು. ಅಂಥ ಸಿಸ್ಟಂ ಇಂಟರ್‌ನೆಟ್ಟಿಗೆ ಮುಖ ಮಾಡಬಾರದು. ಫೈಲು ಸಾಗಿಸಲು ನೆಟ್‌ವರ್ಕ್ ಬೇಕಿಲ್ಲ, ಗೆಸ್ಟ್ ಅಡಿಶನ್ಸ್ ಹಾಕಿ ಶೇರ್ಡ್ ಫೋಲ್ಡರ್ ಮಾಡಿದರೆ ಸಾಕು. ಇಡೀ ಡಿ ಡ್ರೈವನ್ನು ಶೇರ್ ಮಾಡುವ ಉದಾರತನ ಮಾತ್ರ ಬೇಡ. ‘ಕೆಲಸ’ ಎಂದೊಂದು ಫೋಲ್ಡರ್ ಮಾಡಿ ಅದನ್ನಷ್ಟೇ ಕೊಡಿ. ಗ್ರಾಹಕರ ಪೆನ್‌ಡ್ರೈವಿನಿಂದ ಎಕ್ಸ್‌ಪಿಗೆ ವೈರಸ್ ಬಂದರೂ ಹಾನಿ ಬಹುಮಟ್ಟಿಗೆ ಅಲ್ಲಿಗೇ ನಿಲ್ಲುತ್ತದೆ.

ಇನ್ನು ಪ್ರಿಂಟಿಂಗ್. ನಿಮ್ಮ ಹೊಸ ಪ್ರಿಂಟರಿಗೆ ಎಕ್ಸ್‌ಪಿ ಡ್ರೈವರ್ ಇರುವ ಸಾಧ್ಯತೆ ಕಡಿಮೆ, ಹುಡುಕುತ್ತ ದಿನ ಕಳೆಯಬೇಡಿ. ಎಕ್ಸ್‌ಪಿಯ ‘ಆ್ಯಡ್ ಪ್ರಿಂಟರ್’ನಲ್ಲಿ ಲೋಕಲ್ ಪ್ರಿಂಟರ್ ಆರಿಸಿ, ಪೋರ್ಟ್ ಎಂದಲ್ಲಿ ‘ಫೈಲ್’ ಕೊಡಿ. ಪಟ್ಟಿಯಿಂದ ಹೆಸರಿನ ಕೊನೆಗೆ ‘ಪಿಎಸ್’ ಎಂದಿರುವ ಯಾವುದಾದರೂ ಕಲರ್ ಪೋಸ್ಟ್‌ಸ್ಕ್ರಿಪ್ಟ್ ಪ್ರಿಂಟರನ್ನು ಹಾಕಿಕೊಳ್ಳಿ. ಅಂಥ ಪ್ರಿಂಟರ್ ಅಂಗಡಿಯಲ್ಲಿ ಇರಬೇಕಿಲ್ಲ. ಅದರ ಅಡ್ವಾನ್ಸ್ಡ್ ಸೆಟ್ಟಿಂಗಿನಲ್ಲಿ ಟ್ರೂಟೈಪ್ ಫಾಂಟನ್ನು ‘ಸಾಫ್ಟ್ ಫಾಂಟ್ ಆಗಿ ಡೌನ್‌ಲೋಡ್’ ಮಾಡುವಂತೆ ಇಡಿ. ಇಲ್ಲದಿದ್ದರೆ ಕೆಲವು ಫಾಂಟುಗಳನ್ನು ಡ್ರೈವರ್ ತನ್ನ ಫಾಂಟಿಗೆ ಬದಲಿಸಿಬಿಡುತ್ತದೆ. ಪೇಜ್‌ಮೇಕರಿನಿಂದ ಇದಕ್ಕೆ ಪ್ರಿಂಟ್ ಕೊಟ್ಟರೆ ಫೈಲಿನ ಹೆಸರು ಕೇಳುತ್ತದೆ; ಶೇರ್ಡ್ ಫೋಲ್ಡರಿಗೆ ಉಳಿಸಿ. ವಿಂಡೋಸ್ 11ರಲ್ಲಿ ಉಚಿತವಾದ ಗೋಸ್ಟ್‌ಸ್ಕ್ರಿಪ್ಟ್‌ನಿಂದ ಆ ಫೈಲನ್ನು ಪಿಡಿಎಫ್ ಮಾಡಿ. ನುಡಿ ಅಕ್ಷರಗಳು ಪಿಡಿಎಫ್ ಒಳಗೇ ಅಡಕವಾಗಿರುತ್ತವೆ, ಆಫ್‌ಸೆಟ್ ಪ್ರೆಸ್ಸಿಗೆ ಕಳಿಸಿದರೂ ಕೆಡುವುದಿಲ್ಲ.

ಕ್ಲಿಪ್‌ಬೋರ್ಡಿನಲ್ಲಿ ಕಾಪಿ ಮಾಡಿ ಹೊರಗೆ ಪೇಸ್ಟ್ ಮಾಡಿದರೆ ಕನ್ನಡದ ಬದಲು ತಲೆಯ ಮೇಲೆ ಗೀಟು, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ಗೋಜಲು ಬರುತ್ತದೆ. ವಿಎಂ ಕೆಟ್ಟಿಲ್ಲ. ಹಳೆಯ ನುಡಿ ಫಾಂಟು ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆಯೇ ಕನ್ನಡದ ಆಕಾರ ಕೂರಿಸಿರುವುದು ಕಾರಣ. ಪೇಜ್‌ಮೇಕರಿಗಂತೂ ಯೂನಿಕೋಡ್ ಗೊತ್ತೇ ಇಲ್ಲ. ಪಠ್ಯವನ್ನು ಯೂನಿಕೋಡಿಗೆ ತರುವ ಪರಿವರ್ತಕಗಳಿವೆ, ಆದರೆ ಅರ್ಕಾವತ್ತು ಮತ್ತು ಎರಡು ಒತ್ತು ಇರುವ ಅಕ್ಷರಗಳನ್ನು ಕಣ್ಣಾರೆ ನೋಡಿ. ಕುಲಕರ್ಣಿ ಮನೆತನದ ಲಗ್ನಪತ್ರಿಕೆಯಲ್ಲಿ ಅರ್ಕಾವತ್ತು ಜಾರಿದರೆ ಐನೂರು ಕಾರ್ಡು ನಿಮ್ಮ ಖರ್ಚಿಗೆ. ಹೊಸ ಕೆಲಸವನ್ನೆಲ್ಲ ಯೂನಿಕೋಡಿನಲ್ಲೇ ಶುರುಮಾಡಿ, ವಿಎಂ ಹಳೆಯ ಕಪಾಟು ತೆರೆಯಲಿಕ್ಕೆ ಮಾತ್ರ ಇರಲಿ.

ಅಂಗಡಿಗೆ ಲೈಸೆನ್ಸ್ ವಿಷಯವೂ ಮುಖ್ಯ. ವರ್ಚುವಲ್‌ಬಾಕ್ಸ್‌ನ ಮೂಲ ಪ್ಯಾಕೇಜ್ ವ್ಯಾಪಾರಕ್ಕೂ ಉಚಿತ. ಅದರ ‘ಎಕ್ಸ್‌ಟೆನ್ಶನ್ ಪ್ಯಾಕ್’ ಸ್ವಂತ ಬಳಕೆಗೆ ಉಚಿತ, ವ್ಯಾಪಾರಕ್ಕೆ ಹಣ ಕಟ್ಟಬೇಕು. 7ನೇ ಆವೃತ್ತಿಯಿಂದ ಯುಎಸ್‌ಬಿ 2.0 ಬೆಂಬಲ ಮೂಲ ಪ್ಯಾಕೇಜಿಗೇ ಬಂದಿದೆ, ಹಾಗಾಗಿ ನಿಮಗೆ ಆ ಪ್ಯಾಕ್ ಬೇಡವೇ ಬೇಡ. ವಿಎಂವೇರ್ ವರ್ಕ್‌ಸ್ಟೇಶನ್ ಪ್ರೊ ಕೂಡ 2024ರ ನವೆಂಬರಿನಿಂದ ವ್ಯಾಪಾರಿ ಬಳಕೆಗೂ ಉಚಿತವಾಗಿದೆ.

ಪ್ರಶ್ನೆ: ಜಮಖಂಡಿಯಿಂದ. ವಿಎಂಗೆ 60 ಜಿಬಿ ಡಿಸ್ಕ್ ಕೊಟ್ಟಿದ್ದೆ. ಒಳಗೆ 15 ಜಿಬಿ ಮಾತ್ರ ಬಳಕೆಯಲ್ಲಿದೆ, ಹೊರಗೆ ಆ ಫೋಲ್ಡರ್ 90 ಜಿಬಿ ತೋರಿಸುತ್ತದೆ. ಮೊನ್ನೆ ಕರೆಂಟ್ ಹೋಗಿ ಬಂದ ಮೇಲೆ ವಿಎಂ ಹೆಸರಿನ ಕೆಳಗೆ ‘ಅಬಾರ್ಟೆಡ್’ ಎಂದಿದೆ. ಎಲ್ಲ ಹೋಯಿತೇ?

ಉತ್ತರ: ಹೋಗಿಲ್ಲ. ‘ಅಬಾರ್ಟೆಡ್’ ಎಂದರೆ ವಿಎಂ ದಿಢೀರ್ ನಿಂತಿತು ಎಂದಷ್ಟೇ. ಚಾಲು ಇದ್ದಾಗಲೇ ಪ್ಲಗ್ ಕಿತ್ತಂತೆ. ಸ್ಟಾರ್ಟ್ ಒತ್ತಿ. ಲಿನಕ್ಸ್ ಆದರೆ ಫೈಲ್ ಸಿಸ್ಟಂ ತಪಾಸಣೆ ಮಾಡಿಕೊಂಡು ಸಾಮಾನ್ಯವಾಗಿ ಏಳುತ್ತದೆ. ಐಡಿಇ ಕಂಟ್ರೋಲರ್ ಬಳಸುವವರು (ವಿಜಯಪುರದವರೂ ಕೇಳಿಸಿಕೊಳ್ಳಿ) ಸ್ಟೋರೇಜ್ ಸೆಟ್ಟಿಂಗಿನಲ್ಲಿ ‘ಯೂಸ್ ಹೋಸ್ಟ್ ಐ/ಒ ಕ್ಯಾಶ್’ ನೋಡಿ, ಐಡಿಇಗೆ ಅದು ತಾನಾಗಿ ಆನ್ ಇರುತ್ತದೆ. ಡಿಸ್ಕಿಗೆ ಬರೆದಾಯಿತು ಎಂದು ಗೆಸ್ಟ್ ನಂಬಿರುವಾಗ ಡೇಟಾ ಇನ್ನೂ ಹೋಸ್ಟಿನ ರ‍್ಯಾಮಿನಲ್ಲಿರುತ್ತದೆ, ಕರೆಂಟ್ ಹೋದರೆ ಅದೂ ಹೋಗುತ್ತದೆ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ ಆಫ್ ಮಾಡುವುದು ಲೇಸು.

90 ಜಿಬಿಗೆ ಎರಡು ಕಾರಣ. ‘ಡೈನಾಮಿಕ್’ ಡಿಸ್ಕ್ ಹಿಗ್ಗುತ್ತದೆ, ಕುಗ್ಗುವುದಿಲ್ಲ. ಒಳಗೆ ಅಳಿಸಿದ ಜಾಗ ಹೊರಗೆ ವಾಪಸ್ ಬರುವುದಿಲ್ಲ. ಕೊಟ್ಟ 60ನ್ನೂ ಅದು ಮೀರಿರುವುದು ಸ್ನ್ಯಾಪ್‌ಶಾಟ್‌ಗಳಿಂದ, ಅಂದರೆ ಬೇಕಾದಾಗ ಮರಳಲು ಉಳಿಸಿಟ್ಟ ವಿಎಂನ ಹಿಂದಿನ ಸ್ಥಿತಿಗಳಿಂದ. ಪ್ರತಿ ಸ್ನ್ಯಾಪ್‌ಶಾಟ್ ಆದಾಗ ಹೊಸ ಬದಲಾವಣೆಗಳೆಲ್ಲ ಬೇರೊಂದು ಫೈಲಿಗೆ ಬೀಳುತ್ತವೆ. ಆ ಫೈಲುಗಳನ್ನು ಎಕ್ಸ್‌ಪ್ಲೋರರ್‌ನಲ್ಲಿ ಹೋಗಿ ಡಿಲೀಟ್ ಮಾಡಿದಿರೋ, ಸರಪಳಿ ಕಡಿದು ವಿಎಂ ಆಗ ನಿಜವಾಗಿಯೂ ಹೋಗುತ್ತದೆ. ವರ್ಚುವಲ್‌ಬಾಕ್ಸಿನ ಸ್ನ್ಯಾಪ್‌ಶಾಟ್ ಪುಟದಿಂದಲೇ, ಹಳೆಯದರಿಂದ ಶುರುಮಾಡಿ ಒಂದೊಂದಾಗಿ ತೆಗೆಯಿರಿ. ಬೆಸೆಯುವ ಹೊತ್ತಿಗೆ ಹೋಸ್ಟ್ ಡಿಸ್ಕಿನಲ್ಲಿ ಖಾಲಿ ಜಾಗ ಬೇಕು, ತುಂಬಿ ತುಳುಕುವ ತನಕ ಕಾಯಬೇಡಿ. ಆಮೇಲೆ ಗೆಸ್ಟ್ ಒಳಗಿನ ಖಾಲಿ ಜಾಗಕ್ಕೆ ಸೊನ್ನೆ ತುಂಬಿ (ಲಿನಕ್ಸಿನಲ್ಲಿ ಝೀರೋಫ್ರೀ, ವಿಂಡೋಸಿನಲ್ಲಿ ಎಸ್‌ಡಿಲೀಟ್), ವಿಎಂ ಆಫ್ ಮಾಡಿ, ವಿಬಾಕ್ಸ್‌ಮ್ಯಾನೇಜ್ ಕಮಾಂಡಿನ ‘ಕಾಂಪ್ಯಾಕ್ಟ್’ ಆಯ್ಕೆ ನಡೆಸಿದರೆ ಫೈಲು ಕುಗ್ಗುತ್ತದೆ.

ಸ್ನ್ಯಾಪ್‌ಶಾಟ್ ಬ್ಯಾಕಪ್ ಅಲ್ಲ, ಅದೂ ಅದೇ ಡಿಸ್ಕಿನಲ್ಲಿ ಕೂತಿದೆ. ವಿಎಂ ಆಫ್ ಮಾಡಿ ‘ಎಕ್ಸ್‌ಪೋರ್ಟ್ ಅಪ್ಲಾಯನ್ಸ್’ನಿಂದ ಇಡೀ ವಿಎಂ ಒಳಗೊಂಡ ಒವಿಎ ಫೈಲ್ ಮಾಡಿ ಬೇರೆ ಡ್ರೈವಿಗೆ ಹಾಕಿ. ಪೆನ್‌ಡ್ರೈವ್ ಫ್ಯಾಟ್32 ಆಗಿದ್ದರೆ 4 ಜಿಬಿ ಮೀರಿದ ಫೈಲ್ ಹಿಡಿಸುವುದಿಲ್ಲ, ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೊಳ್ಳಿ.

ಪ್ರಶ್ನೆ: ಬಾಗಲಕೋಟೆಯ ಶಾಲೆಯೊಂದರ ಲ್ಯಾಬಿನಲ್ಲಿ 4 ಜಿಬಿ ರ‍್ಯಾಮಿನ ಹನ್ನೆರಡು ಹಳೆಯ ಕಂಪ್ಯೂಟರುಗಳಿವೆ. ಮಕ್ಕಳಿಗೆ ಲಿನಕ್ಸ್ ತೋರಿಸಲು ವಿಎಂ ಹಾಕಲೇ?

ಉತ್ತರ: ಬೇಡ. 4 ಜಿಬಿಯಲ್ಲಿ ಪಾಲು ಮಾಡಲು ಏನೂ ಉಳಿದಿರುವುದಿಲ್ಲ. ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು 8 ಜಿಬಿ ಪೆನ್‌ಡ್ರೈವಿಗೆ ಹಾಕಿ ಲೈವ್ ಆಗಿ ಬೂಟ್ ಮಾಡಿಸಿ. ಹಾರ್ಡ್‌ಡಿಸ್ಕ್ ಮುಟ್ಟುವುದಿಲ್ಲ, ಪೂರ್ತಿ ರ‍್ಯಾಮ್ ಲಿನಕ್ಸಿಗೇ ಸಿಗುತ್ತದೆ. ಆದರೆ ಲೈವ್‌ನಲ್ಲಿ ಮಾಡಿದ ಕೆಲಸ ಆಫ್ ಮಾಡಿದಾಗ ಅಳಿಯುತ್ತದೆ ಎಂದು ಮಕ್ಕಳಿಗೆ ಪಾಠಕ್ಕೆ ಮೊದಲೇ ಹೇಳಿ, ಪಾಠ ಮುಗಿದ ಮೇಲಲ್ಲ.

ಪ್ರಶ್ನೆ: ಬೆಳಗಾವಿಯಿಂದ. ಎಂ2 ಚಿಪ್ಪಿನ ಮ್ಯಾಕ್‌ಬುಕ್ ಇದೆ. ಮಾಮೂಲಿ 64-ಬಿಟ್ ವಿಂಡೋಸ್ ಐಎಸ್‌ಒ ಹಾಕಿದರೆ ಬೂಟ್ ಆಗುತ್ತಿಲ್ಲ.

ಉತ್ತರ: ಆಗುವುದಿಲ್ಲ. ನಿಮ್ಮ ಚಿಪ್ಪು ಆರ್ಮ್ ಜಾತಿಯದು, ಆ ಐಎಸ್‌ಒ ಇಂಟೆಲ್-ಎಎಂಡಿ ಜಾತಿಯದು. ವಿಎಂ ಇದ್ದ ಪ್ರೊಸೆಸರನ್ನೇ ಹಂಚಿಕೊಡುತ್ತದೆ, ಜಾತಿ ಬದಲಿಸುವುದಿಲ್ಲ. ವಿಂಡೋಸ್ 11ರ ಆರ್ಮ್ ಆವೃತ್ತಿಯನ್ನು ಪ್ಯಾರಲಲ್ಸ್, ವಿಎಂವೇರ್ ಫ್ಯೂಶನ್ ಅಥವಾ ಯುಟಿಎಂನಲ್ಲಿ ಹಾಕಿ. ಸಾಧಾರಣ ಇಂಟೆಲ್ ಪ್ರೋಗ್ರಾಂಗಳನ್ನು ಅದು ಒಳಗೇ ಅನುವಾದಿಸಿಕೊಂಡು ನಡೆಸುತ್ತದೆ. ಡಾಂಗಲ್ ಅಥವಾ ಸ್ವಂತ ಡ್ರೈವರ್ ಬೇಡುವ ಸಾಫ್ಟ್‌ವೇರ್‌ಗೆ ಮಾತ್ರ ಆರ್ಮ್‌ಗೆಂದೇ ಮಾಡಿದ ಡ್ರೈವರ್ ಇದೆಯೇ ಎಂದು ಕೊಳ್ಳುವ ಮೊದಲೇ ಕೇಳಿಕೊಳ್ಳಿ.