ಕ್ರಯಪತ್ರದಲ್ಲಿದ್ದ ಒಂದು ಸಾಲು

ಪ್ರೀತಿಯ ತಂಗಿ,

ಆಗಸ್ಟಿನಲ್ಲಿ ಅಮೆರಿಕಕ್ಕೆ, ನಮ್ಮ ಮಿನಿಯಾಪೊಲಿಸ್‌ಗೆ ಕೆಲಸಕ್ಕೆ ಬರುತ್ತಿದ್ದೇನೆ ಎಂದು ಬರೆದಿದ್ದೀಯೆ. ಚಳಿ, ಕೋಟು, ಬಾಡಿಗೆ ಇವನ್ನೆಲ್ಲ ವಿಚಾರಿಸಿ ಕೊನೆಯಲ್ಲಿ ಕೇಳಿದ್ದೀಯೆ: “ಅಕ್ಕಾ, ಕಚೇರಿಯಲ್ಲಿ ಜನಾಂಗಭೇದದ ಮಾತು ಬಂದರೆ ನಾವು ಸುಮ್ಮನಿರುವುದೇ ವಾಸಿಯಲ್ಲವೇ? ಅದು ಬಿಳಿಯರಿಗೂ ಕಪ್ಪು ಜನರಿಗೂ ಸೇರಿದ ವಿಷಯ.” ಕೋಟಿನ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ. ಇದಕ್ಕೆ ಮೊದಲು ಉತ್ತರಿಸಬೇಕು, ಏಕೆಂದರೆ ಇಲ್ಲಿಗೆ ಬಂದು ಹದಿನೈದು ವರ್ಷ ನಾನೂ ಹಾಗೆಯೇ ನಂಬಿಕೊಂಡಿದ್ದೆ.

2020ರ ಮೇ 25ರಂದು ಇದೇ ಊರಿನ ರಸ್ತೆಯಲ್ಲಿ ಪೊಲೀಸ್ ಅಧಿಕಾರಿಯೊಬ್ಬ ಜಾರ್ಜ್ ಫ್ಲಾಯ್ಡ್ ಅವರ ಕತ್ತಿನ ಮೇಲೆ ಒಂಬತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಮಂಡಿಯೂರಿ ಅವರನ್ನು ಕೊಂದ. ಆ ವಾರವೆಲ್ಲ ರಾತ್ರಿ ಹೊಗೆಯ ವಾಸನೆ, ಹೆಲಿಕಾಪ್ಟರ್ ಸದ್ದು. ಪಕ್ಕದ ಮನೆಯಲ್ಲಿರುವವರು ಕಪ್ಪು ಮಹಿಳೆ, ನಿವೃತ್ತ ಶಿಕ್ಷಕಿ. ಬೇಲಿಯ ಬಳಿ ನಿಂತು ಮಾತನಾಡುತ್ತಿದ್ದಾಗ ನಾನು, “ನಾವೂ ಬರಿಗೈಯಲ್ಲಿ ಬಂದವರು, ದುಡಿದು ಮೇಲೆ ಬಂದೆವು” ಎಂದುಬಿಟ್ಟೆ. ಅವರು ಸಿಟ್ಟಾಗಲಿಲ್ಲ. “ನನ್ನ ತಂದೆಯೂ ದುಡಿದರು” ಎಂದರು.

ಸೇಂಟ್ ಪಾಲ್‌ನ ರಾಂಡೊ ಎಂಬ ಬಡಾವಣೆಯಲ್ಲಿ ಅವರ ತಂದೆ ಸಾಲ ತೀರಿಸಿ ಸ್ವಂತ ಮನೆ ಮಾಡಿಕೊಂಡಿದ್ದರು. ಅಂಗಡಿ, ಚರ್ಚು, ಸಂಘಸಂಸ್ಥೆಗಳಿಂದ ತುಂಬಿದ್ದ ಕಪ್ಪು ಜನರ ಬಡಾವಣೆ ಅದು. 1950 ಮತ್ತು 60ರ ದಶಕಗಳಲ್ಲಿ ಐ-94 ಹೆದ್ದಾರಿಯನ್ನು ಅದರ ನಟ್ಟನಡುವೆ ಹಾಯಿಸಿದರು. ನೂರಾರು ಕುಟುಂಬಗಳು ಮನೆ ಕಳೆದುಕೊಂಡವು. ಬಂದ ಪರಿಹಾರದಲ್ಲಿ ಬೇರೆಡೆ ಕೊಳ್ಳೋಣವೆಂದರೆ ಎಷ್ಟೋ ಬಡಾವಣೆಗಳಲ್ಲಿ ಅವರಿಗೆ ಮಾರುವವರಿರಲಿಲ್ಲ, ಸಾಲ ಕೊಡುವ ಬ್ಯಾಂಕಿರಲಿಲ್ಲ. ಈ ದೇಶದಲ್ಲಿ ಸಾಮಾನ್ಯ ಕುಟುಂಬವೊಂದು ಮಕ್ಕಳಿಗೆ ಬಿಟ್ಟುಹೋಗುವ ಆಸ್ತಿಯೆಂದರೆ ಬಹುಮಟ್ಟಿಗೆ ಮನೆಯೇ. ಅದು ಹೋದರೆ ಮೊಮ್ಮಕ್ಕಳ ಕಾಲೇಜಿನ ಹಣವೂ ಹೋದಂತೆ. “ನೀವು ದಿನಾ ಅದೇ ರಸ್ತೆಯಲ್ಲಿ ಕಚೇರಿಗೆ ಹೋಗುತ್ತೀರಲ್ಲ, ನಮ್ಮ ಅಡುಗೆಮನೆಯ ಮೇಲೆಯೇ ಹೋಗುತ್ತೀರಿ” ಎಂದರು. ಅಂದಿನಿಂದ ಆ ದಾರಿಯಲ್ಲಿ ಹೋಗುವಾಗಲೆಲ್ಲ ಆ ಮಾತು ನೆನಪಾಗುತ್ತದೆ.

ಆಮೇಲೆ ನಾನು ನಮ್ಮ ಮನೆಯ ಹಳೆಯ ಕ್ರಯಪತ್ರವನ್ನು ಹುಡುಕಿದೆ. ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು ಇಂಥ ಪತ್ರಗಳನ್ನು ಒಂದೊಂದಾಗಿ ಓದಿ ನಕ್ಷೆ ಮಾಡಿದ್ದಾರೆ. ಅದರಲ್ಲಿ ನಮ್ಮ ಮನೆಯೂ ಇತ್ತು. 1926ರ ಪತ್ರ. ಅಳತೆ, ಚಕ್ಕುಬಂದಿಯ ನಡುವೆ ಒಂದು ಸಾಲು: ಈ ಸ್ವತ್ತನ್ನು ಬಿಳಿಯರಲ್ಲದ ಯಾರಿಗೂ ಮಾರಕೂಡದು, ಬಾಡಿಗೆಗೆ ಕೊಡಕೂಡದು. ಇಂಥ ಷರತ್ತನ್ನು ನ್ಯಾಯಾಲಯಗಳು ಜಾರಿ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1948ರಲ್ಲಿ. ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ಜನಾಂಗ ನೋಡುವುದನ್ನು ನಿಷೇಧಿಸುವ ಕೇಂದ್ರ ಕಾನೂನಿಗೆ ಸಹಿ ಬಿದ್ದದ್ದು 1968ರಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಒಂದು ವಾರಕ್ಕೆ.

ಆ ಸಾಲು ನಮ್ಮನ್ನೂ ಹೊರಗಿಡುತ್ತಿತ್ತು, ತಂಗಿ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿನ ಸಿಖ್ಖರು, ಅಮೆರಿಕದ ಸೈನ್ಯದಲ್ಲಿದ್ದವರು, ಪೌರತ್ವಕ್ಕಾಗಿ ಸುಪ್ರೀಂ ಕೋರ್ಟಿನ ಮುಂದೆ ನಿಂತರು. ತಾನು ಮೇಲ್ಜಾತಿಯ ಆರ್ಯ, ಆದ್ದರಿಂದ ಪೌರತ್ವಕ್ಕೆ ಅರ್ಹನಾದ ಬಿಳಿಯ ಎಂಬುದು ಅವರ ವಾದ. ನ್ಯಾಯಾಲಯ ಒಪ್ಪಲಿಲ್ಲ. ಆಗಲೇ ಪೌರತ್ವ ಪಡೆದಿದ್ದ ಎಷ್ಟೋ ಭಾರತೀಯರು ಅದನ್ನು ಕಳೆದುಕೊಂಡರು. ಹೊರಗೆ ತಳ್ಳಿಸಿಕೊಳ್ಳುವ ಹೊತ್ತಿನಲ್ಲೂ ಇನ್ನೊಬ್ಬರಿಗಿಂತ ಮೇಲೆಂದು ಹೇಳಿಕೊಂಡ ಆ ವಾದವನ್ನು ಓದಿದಾಗ ನನಗೆ ನಾಚಿಕೆಯಾಯಿತು. ಬೇಲಿಯ ಬಳಿ ನಾನು ಆಡಿದ ಮಾತೂ ಅದೇ ಜಾತಿಯದು. 1946ರ ನಂತರವೂ ವರ್ಷಕ್ಕೆ 100 ಭಾರತೀಯರು ಮಾತ್ರ ಇಲ್ಲಿಗೆ ವಲಸೆ ಬರಬಹುದಿತ್ತು. ಆ ಬಾಗಿಲು ತೆರೆದದ್ದು 1965ರ ಕಾನೂನು. ಮತದಾನದ ಹಕ್ಕಿಗಾಗಿ ದಕ್ಷಿಣದ ಸೆಲ್ಮಾ ಎಂಬ ಊರಿನಲ್ಲಿ ಕಪ್ಪು ಜನರು ಪೊಲೀಸರ ಲಾಠಿಗೆ ತಲೆಯೊಡ್ಡಿದ್ದೂ ಅದೇ ವರ್ಷ. ಅವರ ಹೋರಾಟ ಈ ದೇಶದ ಆತ್ಮಸಾಕ್ಷಿಯನ್ನು ಅಲುಗಾಡಿಸದಿದ್ದರೆ ನಮ್ಮ ದಾರಿ ಅಷ್ಟು ಸುಲಭಕ್ಕೆ ತೆರೆಯುತ್ತಿರಲಿಲ್ಲ.

ಆದ್ದರಿಂದ ಸುಮ್ಮನಿರಬೇಡ. ಆದರೆ ಬಂದ ದಿನವೇ ಮಾತನಾಡಬೇಕೆಂದೂ ಇಲ್ಲ. ಕೇಳಿಸಿಕೊಳ್ಳುವ ಕೆಲಸವೇ ಸಾಕಷ್ಟಿದೆ. ಯಾರಾದರೂ ತಮ್ಮ ನೋವು ಹೇಳಿಕೊಂಡಾಗ “ನಮಗೂ ಹೀಗೆಯೇ ಆಗುತ್ತದೆ” ಎಂದು ನಡುವೆ ಬಾಯಿ ಹಾಕಬೇಡ. ನಮ್ಮವರ ನಡುವೆ ಮಾತ್ರ ಬೇಗನೆ ಬಾಯಿ ತೆರೆ. ಯುಗಾದಿಯ ಊಟದಲ್ಲಿ ಯಾರೋ ಹೊಸಬರಿಗೆ “ಅದು ಕರಿಯರ ಏರಿಯಾ, ಅಲ್ಲಿ ಮನೆ ಮಾಡಬೇಡಿ” ಎನ್ನುತ್ತಾರೆ. ಕನ್ನಡದಲ್ಲಿ ಆಡಿದರೆ ಯಾರಿಗೂ ತಿಳಿಯದೆಂಬ ಧೈರ್ಯ. ಹತ್ತು ವರ್ಷದ ನನ್ನ ಮಗನಿಗೆ ತಿಳಿಯಿತು. ಕಾರಿನಲ್ಲಿ ಕೂತ ಮೇಲೆ ತನ್ನ ಗೆಳೆಯನ ಹೆಸರು ಹೇಳಿ, “ಅಮ್ಮಾ, ಅವರು ಅಂದದ್ದು ಅವನನ್ನೇ?” ಎಂದು ಕೇಳಿದ. ಊಟಕ್ಕೆ ಕೂತಾಗ ನಾನು ಏನೂ ಹೇಳಿರಲಿಲ್ಲ.

ಇನ್ನೊಂದು ಮಾತು, ಇದು ವ್ಯವಹಾರದ್ದು. ಇಲ್ಲಿ ಪೊಲೀಸರು ಕಾರು ನಿಲ್ಲಿಸಿದರೆ ನಮ್ಮೂರಿನಂತೆ ಇಳಿದು ಅವರ ಬಳಿ ಹೋಗಬಾರದು. ಕೈಗಳನ್ನು ಸ್ಟೀರಿಂಗ್ ಮೇಲಿಟ್ಟು ಒಳಗೇ ಕೂತಿರಬೇಕು. ನಾನು ಇದನ್ನು ಡ್ರೈವಿಂಗ್ ಪಾಠದ ಒಂದು ಅಂಶವೆಂದು ಕಲಿತೆ. ಪಕ್ಕದ ಮನೆಯವರು ತಮ್ಮ ಗಂಡುಮಕ್ಕಳನ್ನು ಎದುರಿಗೆ ಕೂರಿಸಿಕೊಂಡು, ಜೀವಂತವಾಗಿ ಮನೆಗೆ ಬರಲಿ ಎಂದು ಕಲಿಸಿದರು. 2016ರಲ್ಲಿ ಇಲ್ಲೇ ಹತ್ತಿರದ ಫಾಲ್ಕನ್ ಹೈಟ್ಸ್‌ನಲ್ಲಿ, ಶಾಲೆಯ ಊಟದ ಮನೆಯಲ್ಲಿ ಕೆಲಸ ಮಾಡುತ್ತಿದ್ದ ಫಿಲಾಂಡೊ ಕ್ಯಾಸ್ಟೀಲ್ ಅವರನ್ನು ಪೊಲೀಸ್ ಅಧಿಕಾರಿ ಕಾರಿನಲ್ಲಿ ಕೂತಲ್ಲೇ ಗುಂಡಿಟ್ಟು ಕೊಂದ. ಮರುವರ್ಷ ನ್ಯಾಯಾಲಯದಲ್ಲಿ ಅವನ ಖುಲಾಸೆಯಾಯಿತು.

ಜಾತಿಯ ಬಗ್ಗೆಯೂ ನಿನ್ನನ್ನು ಕೇಳುತ್ತಾರೆ. “ಅದೆಲ್ಲ ಹಳೆಯ ಕಾಲದ್ದು” ಎನ್ನಬೇಡ. ನಾನು ಪಕ್ಕದ ಮನೆಯವರಿಗೆ ಹಾಸನದ ನಮ್ಮ ಮನೆಯ ಕಥೆ ಹೇಳಿದೆ. ಮಹಡಿಯ ಮೇಲಿನ ಮನೆಯನ್ನು ಬಾಡಿಗೆಗೆ ಕೇಳಿಕೊಂಡು ಬಂದವರನ್ನು ಅಪ್ಪ ಮೊದಲು ಕೇಳುತ್ತಿದ್ದದ್ದು “ನೀವು ಯಾವ ಜನ?” ಎಂದು. ಬೇಡವಾದವರಿಗೆ, “ಈಗ ತಾನೇ ಬೇರೆಯವರಿಗೆ ಮಾತು ಕೊಟ್ಟೆ” ಎನ್ನುತ್ತಿದ್ದರು. ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ನಮ್ಮ ಕ್ರಯಪತ್ರದಲ್ಲಿ ಅಂಥ ಸಾಲು ಇರಲಿಲ್ಲ. ಬರೆದಿಡುವ ಅಗತ್ಯವೂ ಯಾರಿಗೂ ಬಿದ್ದಿರಲಿಲ್ಲ.

2019ರಿಂದ ಇಲ್ಲಿನ ಕಾನೂನು, ಮನೆಯ ಒಡೆಯರು ಆ ಹಳೆಯ ಷರತ್ತನ್ನು ತಿರಸ್ಕರಿಸುವ ಹೇಳಿಕೆಯನ್ನು ದಾಖಲಿಸಲು ಅವಕಾಶ ಕೊಟ್ಟಿದೆ. ಹಳೆಯ ಸಾಲು ಅಳಿಯುವುದಿಲ್ಲ, ಅದರ ಜೊತೆಗೆ ನಮ್ಮ ಹೇಳಿಕೆಯೂ ಸೇರುತ್ತದೆ. ಸಹಿ ಹಾಕಿದ ದಿನ ಅಪ್ಪನಿಗೆ ಫೋನ್ ಮಾಡಿ ಎರಡನ್ನೂ ಕನ್ನಡದಲ್ಲಿ ಓದಿ ಹೇಳಿದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಮಹಡಿ ಮನೆ ಹೋದ ತಿಂಗಳಿಂದ ಖಾಲಿ ಇದೆ” ಎಂದರು.