ಅರೇಬಿಯಾದ ಬೆಟ್ಟಗಳಲ್ಲಿ ಚಿರತೆ ಇರುವುದು ನಿಜವೇ? ನೋಡಲು ಸಿಗುತ್ತದೆಯೇ?

ಒಮಾನ್‌ನ ಸಲಾಲಾಗೆ ಹೋಗುತ್ತಿದ್ದೇನೆ, ಅಲ್ಲಿನ ಬೆಟ್ಟಗಳಲ್ಲಿ ಚಿರತೆ ಇದೆಯಂತೆ, ಆ ಮರಳುಗಾಡಿನಲ್ಲಿ ಹೇಗೆ ಬದುಕುತ್ತದೆ ಅಂತ ಕೇಳಿದ್ದೀರಿ.

ಇದೆ. ಆದರೆ ನಿಮಗೆ ಸಿಗಲ್ಲ ಬಿಡಿ. ನಾನು ಸಲಾಲಾದಲ್ಲಿ ನಾಲ್ಕು ವರ್ಷ ಕೆಲಸಕ್ಕಿದ್ದೆ. ರಜೆ ಸಿಕ್ಕಾಗಲೆಲ್ಲ ಬೆಟ್ಟ ಹತ್ತುತ್ತಿದ್ದೆ, ಒಂದು ಸಲವೂ ಕಂಡಿಲ್ಲ. ಅಲ್ಲೇ ಹುಟ್ಟಿ ಒಂಟೆ ಮೇಯಿಸುವವರನ್ನು ಕೇಳಿದರೆ ಅವರೂ ನಗುತ್ತಿದ್ದರು.

ಮರಳುಗಾಡು ಅನ್ನೋದನ್ನ ಮೊದಲು ತಲೆಯಿಂದ ತೆಗೆಯಿರಿ. ಸಲಾಲಾ ಸುತ್ತಲಿನ ದೋಫಾರ್ ಬೆಟ್ಟಗಳಿಗೆ ಎರಡು ಮುಖ. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಕಡಲಿನಿಂದ ಮಂಜು ಎದ್ದು ಬಂದು ಬೆಟ್ಟಕ್ಕೆ ಒರಗಿ ನಿಲ್ಲುತ್ತದೆ. ಅಲ್ಲಿಯವರು ಖರೀಫ್ ಅನ್ನುತ್ತಾರೆ. ಜೋರು ಮಳೆ ಅಲ್ಲ, ಸೋನೆ. ಮರಗಳೇ ಮಂಜನ್ನು ಹಿಡಿದು ಹನಿ ಹನಿಯಾಗಿ ನೆಲಕ್ಕೆ ಇಳಿಸುತ್ತವೆ. ಕಡಲ ಕಡೆಯ ಇಳಿಜಾರು ಹಚ್ಚಗಾಗುತ್ತದೆ. ನೆತ್ತಿ ದಾಟಿ ಒಂದಿಷ್ಟು ದೂರ ಹೋದಿರೋ, ಬರೀ ಕಲ್ಲು, ಅಲ್ಲಲ್ಲಿ ಲೋಬಾನದ ಮರ. ಇದೇ ಸಾಲಿನ ಜಬಲ್ ಸಮ್ಹಾನ್‌ನಲ್ಲಿ 1997ರಲ್ಲಿ ಸುಮಾರು 4,500 ಚದರ ಕಿಲೋಮೀಟರ್ ಜಾಗವನ್ನು ರಕ್ಷಿತ ಪ್ರದೇಶ ಮಾಡಿದರು. ಚಿರತೆ ಇನ್ನೂ ಉಳಿದಿದ್ದರೆ ಇಂಥ ಕಡೆ, ಆಮೇಲೆ ಪಕ್ಕದ ಯೆಮನ್‌ನಲ್ಲಿ. ಕಾಡಿನಲ್ಲಿರುವುದು ಎಲ್ಲ ಸೇರಿ 200ಕ್ಕಿಂತ ಕಡಿಮೆ.

ಚಿರತೆಗಳಲ್ಲೇ ಚಿಕ್ಕದು ಇದು. ಗಂಡು ಸುಮಾರು 30 ಕೆಜಿ, ಹೆಣ್ಣು 20. ಬಣ್ಣವೂ ಮಾಸಲು, ಬಂಡೆಯ ಮೇಲೆ ಮಲಗಿದರೆ ಗೊತ್ತೇ ಆಗಲ್ಲ. ತಿನ್ನುವುದು ಐಬೆಕ್ಸ್ ಅನ್ನೋ ಕಾಡು ಮೇಕೆ, ಚಿಂಕಾರದಂಥ ಗೆಜೆಲ್, ಮುಳ್ಳುಹಂದಿ, ಹೈರಾಕ್ಸ್. ಈ ಹೈರಾಕ್ಸ್ ನೋಡಲು ದಪ್ಪ ಹೆಗ್ಗಣ, ನಂಟಸ್ತನ ಮಾತ್ರ ಆನೆಯ ಜೊತೆ!

ಎಲ್ಲ ತೊಂದರೆಯೂ ಶುರುವಾಗುವುದು ಈ ಊಟದಿಂದಲೇ. ಐಬೆಕ್ಸನ್ನು ಜನ ಕದ್ದು ಬೇಟೆಯಾಡುತ್ತಾರೆ. ಬೆಟ್ಟದ ಹುಲ್ಲನ್ನು ಸಾಕಿದ ಒಂಟೆ, ಮೇಕೆ, ದನಗಳು ಬೋಳಿಸುತ್ತವೆ. ಹಸಿದ ಚಿರತೆ ದೊಡ್ಡಿಯ ಮೇಕೆಗೆ ಬಾಯಿ ಹಾಕುತ್ತದೆ. ಮೇಕೆ ಕಳೆದುಕೊಂಡವನು ವಿಷ ಇಡುತ್ತಾನೆ, ಇಲ್ಲವೇ ಗುಂಡು ಹೊಡೆಯುತ್ತಾನೆ. ಅವನನ್ನು ಸುಮ್ನೆ ಬೈಯಲು ನನಗೆ ಮನಸ್ಸಾಗಲ್ಲ, ಅವನ ಬದುಕೂ ಅದೇ ಅಲ್ವಾ? ಇದ್ದವು ಇಷ್ಟು ಕಮ್ಮಿಯಾದ ಮೇಲೆ ಹೆಣ್ಣಿಗೆ ಗಂಡು ಸಿಗುವುದೂ ಕಷ್ಟ. ಸಿಕ್ಕರೂ ರಕ್ತ ಸಂಬಂಧದ್ದೇ ಇರಬಹುದು.

ಸೌದಿಯ ತಾಯಿಫ್‌ನಲ್ಲಿ ಇವನ್ನು ಸಾಕಿ ಮರಿ ಮಾಡಿಸುತ್ತಾರೆ. ಮುಂದೆ ಅಲ್ ಉಲಾ ಬಳಿಯ ಬೆಟ್ಟಗಳಿಗೆ ಬಿಡುವ ಆಸೆ. ಒಳ್ಳೆಯದೇ. ಆದರೆ ನನಗೆ ಓರಿಕ್ಸ್ ಕಥೆ ನೆನಪಾಗುತ್ತದೆ. ಆ ಬಿಳಿ ಜಿಂಕೆ 1972ರಲ್ಲಿ ಕಾಡಿನಿಂದ ಅಳಿದೇ ಹೋಗಿತ್ತು. 1982ರಲ್ಲಿ ಒಮಾನ್‌ನ ಬಯಲಿಗೆ ಮತ್ತೆ ಬಿಟ್ಟರು. 450ರವರೆಗೆ ಬೆಳೆದವು. ಆಮೇಲೆ ಕಳ್ಳಬೇಟೆಗೆ ಸಿಕ್ಕು 65ಕ್ಕೆ ಇಳಿದವು. ಸರ್ಕಾರ ಓರಿಕ್ಸ್‌ಗೆಂದು ಇಟ್ಟಿದ್ದ ರಕ್ಷಿತ ಜಾಗವನ್ನೂ ಶೇ. 90ರಷ್ಟು ಕತ್ತರಿಸಿತು. 2007ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆ ಪಟ್ಟಿಯಿಂದಲೇ ತೆಗೆಯಿತು. ಹಾಗೆ ಪಟ್ಟಿಯಿಂದ ಹೊರಬಿದ್ದ ಮೊದಲ ತಾಣ ಅದು. ಗೂಡಿನಲ್ಲಿ ಮರಿ ಮಾಡಿಸಿದರಷ್ಟೇ ಸಾಲದು. ಬೆಟ್ಟದಲ್ಲಿ ಐಬೆಕ್ಸ್ ಹೆಚ್ಚದಿದ್ದರೆ, ಬಿಟ್ಟ ಚಿರತೆ ನೇರ ದೊಡ್ಡಿಗೇ ಹೋಗುತ್ತದೆ.

ಇನ್ನು ನಿಮ್ಮ ಪ್ರವಾಸ. ಬೆಟ್ಟಕ್ಕೆ ಹೋಗುವುದಾದರೆ ಖರೀಫ್ ಮುಗಿದ ಮೇಲೆ, ಅಕ್ಟೋಬರ್‌ನಲ್ಲಿ ಹೋಗಿ. ಮಂಜಿದ್ದಾಗ ನಿಮ್ಮ ಕಾಲೇ ನಿಮಗೆ ಕಾಣಲ್ಲ. ಸಮ್ಹಾನ್‌ನ ಕಡಿದಾದ ಅಂಚಿನಲ್ಲಿ ಬೆಳಗ್ಗೆ ಬೇಗ ಹೋಗಿ, ಬೈನಾಕ್ಯುಲರ್ ಹಿಡಿದು ಸುಮ್ಮನೆ ಕೂತಿರಿ. ಹೈರಾಕ್ಸ್ ಬಿಸಿಲು ಕಾಯಿಸಲು ಬಂಡೆ ಮೇಲೆ ಬರುತ್ತವೆ. ಅದೃಷ್ಟ ಇದ್ದರೆ ಐಬೆಕ್ಸೂ ಕಾಣಬಹುದು. ಅಂಚಿಗೆ ಬೇಲಿ ಇಲ್ಲ, ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಕೈ ಬಿಡಬೇಡಿ.