ಮನೆಪಾಠಕ್ಕೆ ಬರುವ ಮಕ್ಕಳ ತಿಂಡಿ ಮತ್ತು ಆಟ

ಪ್ರಶ್ನೆ: ಮೂರರಿಂದ ಏಳನೆಯ ತರಗತಿಯವರೆಗಿನ ಮಕ್ಕಳಿಗೆ ಸಂಜೆ ನಾಲ್ಕೂವರೆಯಿಂದ ಏಳರವರೆಗೆ ನಮ್ಮ ಮನೆಯಲ್ಲೇ ಪಾಠ ಹೇಳುತ್ತೇನೆ. ಮಕ್ಕಳು ದಾರಿಯಲ್ಲಿ ಕೊಂಡ ಚಿಪ್ಸ್, ಕುರ್ಕುರೆ ತಿನ್ನುತ್ತಾ ಬರುತ್ತಾರೆ. ಸ್ವಲ್ಪ ಹೊತ್ತು ಆಡಿಸಿದರೆ, ಫೀಸು ಕೊಡುವುದು ಓದಿಸಲಿಕ್ಕೆ ಎಂದು ಕೆಲವು ಪೋಷಕರು ಆಕ್ಷೇಪಿಸುತ್ತಾರೆ. ಏನು ಮಾಡಲಿ?
— ಶಿಕ್ಷಕಿ, ಮಂಡ್ಯ

ಉತ್ತರ: ಮೊದಲು ವೇಳೆಯ ಕ್ರಮವನ್ನು ಬದಲಿಸಿ. ಮಧ್ಯಾಹ್ನ ಉಂಡ ಮಗು ನಿಮ್ಮಲ್ಲಿಗೆ ಬರುವಷ್ಟರಲ್ಲಿ ಹಸಿದಿರುತ್ತದೆ. ಆ ಹಸಿವನ್ನು ನೀವು ತಣಿಸದಿದ್ದರೆ ಬೀದಿಯಂಗಡಿಯ ಪೊಟ್ಟಣ ತಣಿಸುತ್ತದೆ. ಆದ್ದರಿಂದ ಬಂದೊಡನೆ ಅಲ್ಪ ತಿಂಡಿ, ಬೆಳಕಿರುವಾಗಲೇ ಅರ್ಧ ಗಂಟೆ ಆಟ, ಅನಂತರ ಪಾಠ ಎಂದಿರಲಿ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚುರುಕಾದ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಶಾಲೆಯಿಂದ ಮನೆಪಾಠಕ್ಕೆ, ಅಲ್ಲಿಂದ ಮನೆಗೆ ಹೋಗುವ ಮಗು ಅದನ್ನು ಯಾವಾಗ ಪೂರೈಸಬೇಕು ಎಂದು ಪೋಷಕರನ್ನೇ ಕೇಳಿ.

ತಿಂಡಿ ಎಲ್ಲರಿಗೂ ಒಂದೇ ಆಗಿದ್ದರೆ ಪೊಟ್ಟಣದ ಪೈಪೋಟಿ ತಾನಾಗಿ ತಗ್ಗುತ್ತದೆ. ಪೋಷಕರಿಂದ ತಿಂಗಳಿಗೆ ಸಣ್ಣ ಮೊತ್ತ ಪಡೆದು ಬೇಯಿಸಿದ ಕಡಲೆಕಾಯಿ, ಹೆಸರುಕಾಳಿನ ಉಸಲಿ, ಸೌತೆಕಾಯಿ ಬೆರೆಸಿದ ಕೋಸಂಬರಿ, ಬಾಳೆಹಣ್ಣು, ಮಜ್ಜಿಗೆಯಲ್ಲಿ ಕಲಸಿದ ರಾಗಿ ಹುರಿಹಿಟ್ಟು ಇವುಗಳನ್ನು ಸರದಿಯಂತೆ ಕೊಡಬಹುದು; 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಕಡಲೆಕಾಯಿ ಒಗ್ಗದ ಮಕ್ಕಳಿದ್ದಾರೆಯೇ ಎಂದು ಮೊದಲೇ ವಿಚಾರಿಸಿ. ಮಂಡ್ಯದವರಿಗೆ ಈ ಮಾತು ರುಚಿಸಲಿಕ್ಕಿಲ್ಲ, ಆದರೂ ಹೇಳಬೇಕು: ಬೆಲ್ಲವೂ ಬಹುಪಾಲು ಸಕ್ಕರೆಯೇ, ಪಾನಕವನ್ನು ದಿನವೂ ಕೊಡಬೇಡಿ.

ಶಾಲೆಯ ಆವರಣದಲ್ಲಿ ಮತ್ತು ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಅಧಿಕವಾಗಿರುವ ತಿನಿಸುಗಳನ್ನು ಮಾರಬಾರದೆಂದು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2020ರಲ್ಲಿ ನಿಯಮ ಮಾಡಿದೆ. ಅದು ಶಾಲೆಗಳಿಗಾಗಿ ಮಾಡಿದ್ದು. ನಿಮ್ಮ ಜಗುಲಿಗೂ ಅದೇ ಅಳತೆಯನ್ನು ಇಟ್ಟುಕೊಳ್ಳಿ.

ಆಟದ ಆಯ್ಕೆಯಲ್ಲಿ ಒಂದು ಸೂಕ್ಷ್ಮವಿದೆ. ಔಟಾದವರು ಕುಳಿತು ನೋಡುವ ಆಟಗಳಲ್ಲಿ, ಯಾರಿಗೆ ಓಟ ಹೆಚ್ಚು ಅಗತ್ಯವೋ ಅವರೇ ಮೊದಲು ಕೂರುತ್ತಾರೆ. ಲಗೋರಿಯಾದರೆ ಔಟಾದವರನ್ನು ಎದುರು ತಂಡಕ್ಕೆ ಸೇರಿಸಿ ಎಲ್ಲರನ್ನೂ ಓಡಿಸಬಹುದು. ಜಾಗ ಕಿರಿದಾಗಿದ್ದರೆ ಹಗ್ಗದಾಟ ಸಾಕು. ಮಗುವಿನ ಮೈಕಟ್ಟಿನ ಬಗ್ಗೆ ಮಾತು ಬೇಡ. ಹೋಂವರ್ಕ್ ಮುಗಿಸಿಲ್ಲವೆಂದು ಆಟ ತಪ್ಪಿಸುವುದು, ಚೆನ್ನಾಗಿ ಓದಿದ್ದಕ್ಕೆ ಚಾಕೊಲೇಟ್ ಕೊಡುವುದು ಎರಡನ್ನೂ ಇಂದಿನಿಂದಲೇ ನಿಲ್ಲಿಸಿ.